ಸುಮೇರಿನ ಕೂಲಿಮಠ

ಪ್ರಾಚೀನ ನಾಗರಿಕತೆಗಳು ಎಂದೊಡನೆ ನಮ್ಮ ಕಣ್ಣಮುಂದೆ ಬಂದು ನಿಲ್ಲುವುದು ದೊಡ್ಡ ದೊಡ್ಡ ವಸ್ತುಗಳು: ಈಜಿಪ್ಟಿನ ಪಿರಮಿಡ್ಡುಗಳು, ಮೊಹೆಂಜೊದಾರೋವಿನ ಸ್ನಾನದ ಕೊಳ, ಬ್ಯಾಬಿಲೋನಿನ ಕೋಟೆಯ ಬಾಗಿಲು. ಶಾಲೆಯ ಪುಸ್ತಕಗಳಲ್ಲಿಯೂ ಇವುಗಳ ಚಿತ್ರಗಳೇ ಇರುತ್ತವೆ. ನಾನು ಈ ದಿನ ನಿಮಗೆ ಹೇಳಬೇಕೆಂದಿರುವುದು ಅಂಗೈಯಲ್ಲಿ ಅಡಗುವಷ್ಟು ಸಣ್ಣದಾದ ಒಂದು ವಸ್ತುವಿನ ವಿಚಾರ. ಅದು ಜೇಡಿಮಣ್ಣಿನ ಒಂದು ಹಲಗೆ. ಅದರ ಎಡಭಾಗದಲ್ಲಿ ಉಪಾಧ್ಯಾಯನ ಅಕ್ಷರ. ಬಲಭಾಗದಲ್ಲಿ ಶಿಷ್ಯನ ಅಕ್ಷರ. ಶಿಷ್ಯನು ಬರೆದು, ತಪ್ಪಿ, ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿದ್ದರಿಂದ ಆ ಬಲಭಾಗ ಎಡಭಾಗಕ್ಕಿಂತ ತೆಳ್ಳಗಾಗಿ ಹೋಗಿದೆ. ಸುಮಾರು ಮೂರು ಸಾವಿರದ ಏಳುನೂರು ವರ್ಷಗಳ ಹಿಂದಿನ ಇಂತಹ ಹಲಗೆಗಳು ಇಂದಿಗೂ ಉಳಿದಿವೆ. ಮೂವತ್ತು ವರ್ಷಗಳಿಂದ ಮಕ್ಕಳ ಕಾಪಿಪುಸ್ತಕಗಳನ್ನು ತಿದ್ದುತ್ತಿರುವ ನನಗೆ ಪಿರಮಿಡ್ಡಿಗಿಂತ ಈ ಸವೆದ ಮಣ್ಣೇ ಹೆಚ್ಚು ಆಪ್ತವಾಗಿ ತೋರಿದರೆ ನೀವು ಆಶ್ಚರ್ಯಪಡಬೇಕಾಗಿಲ್ಲ.

ನಮ್ಮ ತಾತನವರು ಓದಿದ್ದು ಊರಿನ ಐಗಳ ಕೂಲಿಮಠದಲ್ಲಿ. ಜಗಲಿಯ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದುವುದು, ಸಂಜೆ ಸಾಲಾಗಿ ನಿಂತು ಮಗ್ಗಿ ಒಪ್ಪಿಸುವುದು, ಅಮರಕೋಶವನ್ನು ಬಾಯಿಪಾಠ ಮಾಡುವುದು, ತಪ್ಪಿದರೆ ಬೆತ್ತದ ರುಚಿ ನೋಡುವುದು, ಇವು ಅಲ್ಲಿಯ ವಿಧಿಗಳು. ಈ ಪದ್ಧತಿ ನಮ್ಮ ನಾಡಿನದು ಮಾತ್ರವೆಂದು ನಾನು ಬಹಳ ಕಾಲ ತಿಳಿದಿದ್ದೆ. ಜಗತ್ತಿನ ಅತಿ ಹಳೆಯ ಶಾಲೆಗಳ ವೃತ್ತಾಂತವನ್ನು ಓದಿದ ಮೇಲೆ ಐಗಳ ವಂಶ ಎಷ್ಟು ಹಳೆಯದೆಂಬುದು ತಿಳಿಯಿತು.

ಈ ಶಾಲೆಗಳಿದ್ದ ನಾಡು ಇಂದಿನ ಇರಾಕ್ ದೇಶದ ದಕ್ಷಿಣ ಭಾಗ. ಟೈಗ್ರಿಸ್ ಮತ್ತು ಯೂಫ್ರೆಟಿಸ್ ಎಂಬ ಎರಡು ಹೊಳೆಗಳ ನಡುವಣ ಬಯಲುಸೀಮೆ. ಗ್ರೀಕರು ಇದನ್ನು ಎರಡು ಹೊಳೆಗಳ ನಡುನಾಡು ಎಂಬ ಅರ್ಥದಲ್ಲಿ ಮೆಸೊಪೊಟೇಮಿಯ ಎಂದು ಕರೆದರು. ಅದರ ತೆಂಕಣ ತುದಿಯೇ ಸುಮೇರ್. ನಮ್ಮ ಪುರಾಣಗಳ ಸುಮೇರು ಪರ್ವತಕ್ಕೂ ಇದಕ್ಕೂ ಹೆಸರಿನ ಸಾಮ್ಯವಲ್ಲದೆ ಬೇರೆ ನಂಟಿಲ್ಲ. ಪರ್ವತವಿರಲಿ, ಅಲ್ಲಿ ಕಟ್ಟಡಕ್ಕೆ ಬೇಕಾದ ಒಳ್ಳೆಯ ಕಲ್ಲೂ ಇಲ್ಲ, ಮರವೂ ಇಲ್ಲ, ಲೋಹವೂ ಇಲ್ಲ. ಇರುವುದು ಮಣ್ಣು, ನೀರು ಮತ್ತು ಜೊಂಡು. ಆ ಜನ ಮಣ್ಣಿನಿಂದಲೇ ಮನೆ ಕಟ್ಟಿದರು, ಮಣ್ಣಿನಿಂದಲೇ ಗುಡಿ ಎಬ್ಬಿಸಿದರು. ಒಂದು ಕಾಲದಲ್ಲಿ ಪೈರು ಕೊಯ್ಯುವ ಕುಡುಗೋಲನ್ನು ಸಹ ಮಣ್ಣಿನಿಂದ ಮಾಡಿ ಸುಟ್ಟು ಬಳಸಿದರು. ಬರೆಯುವ ಕಾಲ ಬಂದಾಗ ಹೊಳೆಯ ದಡದ ಮಣ್ಣೇ ಅವರಿಗೆ ಕಾಗದವಾಯಿತು. ಅದೇ ದಡದ ಜೊಂಡು ಲೇಖನಿಯಾಯಿತು.

ಆದರೆ ಅವರು ಬರೆಯಲು ತೊಡಗಿದ್ದು ಏತಕ್ಕಾಗಿ? ಕಾವ್ಯಕ್ಕಾಗಿ, ದೇವರ ಸ್ತೋತ್ರಕ್ಕಾಗಿ ಎಂದು ಹೇಳಲು ನನ್ನಂತಹ ಪಂಡಿತನಿಗೆ ಆಸೆಯಾಗುತ್ತದೆ. ನಿಜಸ್ಥಿತಿ ಹಾಗಿಲ್ಲ. ಊರುಕ್ ಎಂಬ ಪಟ್ಟಣದಲ್ಲಿ ದೊರೆತ, ಕ್ರಿ. ಪೂ. ೩೩೦೦ರಿಂದ ಈಚಿನ ಕೆಲವು ಶತಮಾನಗಳಿಗೆ ಸೇರಿದ ಸುಮಾರು ಐದು ಸಾವಿರ ಹಲಗೆಗಳಲ್ಲಿ ಬಹುಪಾಲು ಉಗ್ರಾಣದ ಲೆಕ್ಕಗಳು. ಇಷ್ಟು ಬಾರ್ಲಿ ಬಂತು, ಇಷ್ಟು ಕುರಿ ಇದ್ದುವು, ಕೆಲಸದವರಿಗೆ ಇಷ್ಟು ಧಾನ್ಯ ಕೊಟ್ಟಿತು, ಇಷ್ಟು ಮದ್ಯ ಕೊಟ್ಟಿತು, ಎಂಬ ಬಾಬುಗಳು. ಊರು ಬೆಳೆದು ಸಾವಿರಾರು ಮಂದಿ ಒಂದೆಡೆ ಸೇರಿದಾಗ ಕೊಟ್ಟದ್ದು ಪಡೆದದ್ದು ಯಾವ ಪಾರುಪತ್ತೆಗಾರನ ನೆನಪಿನಲ್ಲಿಯೂ ನಿಲ್ಲದಾಯಿತು. ಇದಕ್ಕೂ ಹಿಂದೆ ಸಾವಿರಾರು ವರ್ಷಗಳ ಕಾಲ ಸಣ್ಣ ಸಣ್ಣ ಮಣ್ಣಿನ ಬಿಲ್ಲೆ ಗೋಲಿಗಳನ್ನು ಎಣಿಕೆಗಾಗಿ ಇಟ್ಟುಕೊಳ್ಳುತ್ತಿದ್ದರೆಂದೂ, ಅವುಗಳನ್ನು ಮಣ್ಣಿನ ಉಂಡೆಯೊಳಗೆ ಮುಚ್ಚಿ ಹೊರಗೆ ಒತ್ತಿದ ಗುರುತುಗಳೇ ಮುಂದೆ ಲಿಪಿಗೆ ದಾರಿಯಾದುವೆಂದೂ ಡೆನಿಸ್ ಶ್ಮಾಂಟ್ ಬೆಸೆರಾ ಎಂಬ ವಿದುಷಿ ಪ್ರತಿಪಾದಿಸಿದ್ದಾರೆ. ಆ ವಾದದ ಎಲ್ಲ ಅಂಶಗಳನ್ನೂ ಎಲ್ಲರೂ ಒಪ್ಪಿಲ್ಲವಾದರೂ ಎಣಿಕೆಯೇ ಬರೆಹದ ತಾಯಿ ಎಂಬಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ.

ಮೊದಲು ಬರೆದದ್ದು ಚಿತ್ರಗಳನ್ನು. ಕುರಿಗೆ ಒಂದು ಗುರುತು, ಬಾರ್ಲಿಗೆ ಒಂದು ತೆನೆ. ತಲೆಯ ಚಿತ್ರದ ಬಾಯಿಯ ಬಳಿ ಬೋಗುಣಿಯ ಚಿತ್ರವನ್ನಿಟ್ಟರೆ 'ಉಣ್ಣು' ಎಂದು ಅರ್ಥ. ಆದರೆ ಕಣ್ಣಿಗೆ ಕಾಣದ ಸಂಗತಿಗಳನ್ನು ಬರೆಯುವುದು ಹೇಗೆ? ಇಲ್ಲಿ ಆ ಜನ ಒಂದು ಜಾಣ್ಮೆಯನ್ನು ತೋರಿದರು. ನಮ್ಮ ಭಾಷೆಯಿಂದಲೇ ಉದಾಹರಣೆ ಕೊಡುತ್ತೇನೆ. 'ಕಾಲು ಸೇರು ತುಪ್ಪ' ಎಂದು ಚಿತ್ರದಲ್ಲಿ ತೋರಿಸಬೇಕಾಗಿದೆಯೆನ್ನಿ. ನಾಲ್ಕನೆಯ ಒಂದು ಭಾಗವನ್ನು ಚಿತ್ರಿಸುವುದು ಕಷ್ಟ. ಮನುಷ್ಯನ ಕಾಲನ್ನು ಚಿತ್ರಿಸುವುದು ಸುಲಭ. ಉಚ್ಚಾರಣೆ ಎರಡಕ್ಕೂ ಒಂದೇ ಆದ್ದರಿಂದ ಆ ಪಾದದ ಚಿತ್ರವೇ ಇಲ್ಲಿಯೂ ಸಾಕು. ಸುಮೇರಿಯನ್ ಭಾಷೆಯಲ್ಲಿ 'ತಿ' ಎಂದರೆ ಬಾಣ. 'ತಿ' ಎಂದರೆ ಜೀವವೂ ಹೌದು. ಬಾಣದ ಗುರುತನ್ನು ಬರೆದು ಜೀವವೆಂದು ಓದಿದರು. ಅಂದಿನಿಂದ ಚಿತ್ರವು ವಸ್ತುವನ್ನು ಬಿಟ್ಟು ಧ್ವನಿಯನ್ನು ಹಿಡಿಯಿತು. ಆಡುವ ಮಾತೆಲ್ಲವನ್ನೂ ಬರೆಯಬಹುದಾದ ಬಾಗಿಲು ತೆರೆಯಿತು. ಹಸಿಮಣ್ಣಿನ ಮೇಲೆ ಗೆರೆ ಎಳೆಯುವುದಕ್ಕಿಂತ ಜೊಂಡಿನ ತುದಿಯನ್ನು ಒತ್ತುವುದು ಸುಲಭವಾದುದರಿಂದ ಚಿತ್ರಗಳು ಬರುಬರುತ್ತ ಬೆಣೆಯಾಕಾರದ ಗುರುತುಗಳಾದುವು. ಇದೇ ಬೆಣೆಲಿಪಿ.

ಇಂತಹ ಗುರುತುಗಳು ನೂರಾರು. ಅವುಗಳನ್ನು ಕಲಿಯುವುದು ಆಟದ ಮಾತಲ್ಲ. ಅದಕ್ಕಾಗಿ ಶಾಲೆ ಬೇಕಾಯಿತು. ಶಾಲೆಯನ್ನು ಅವರು 'ಎದುಬ್ಬ' ಎಂದು ಕರೆದರು. ಹಲಗೆಗಳ ಮನೆ ಎಂದು ಅದರ ಅರ್ಥವನ್ನು ಹೇಳುವುದು ರೂಢಿ. ಗುರುವಿಗೆ 'ಉಮ್ಮಿಯ' ಎಂದು ಹೆಸರು. ಅವನ ಕೈಕೆಳಗೆ ಹಲಗೆಗಳನ್ನು ತಿದ್ದಿಸುವ ಹಿರಿಯ ವಿದ್ಯಾರ್ಥಿಗೆ 'ಅಣ್ಣ' ಎಂಬ ಅರ್ಥದ ಹೆಸರು. ನಿಪ್ಪೂರ್ ಪಟ್ಟಣದಲ್ಲಿ ೧೯೫೧-೫೨ರ ಅಗೆತದಲ್ಲಿ ಇಂತಹ ಒಂದು ಮನೆ ಸಿಕ್ಕಿತು. ಕ್ರಿ. ಪೂ. ಹದಿನೆಂಟನೆಯ ಶತಮಾನದ ಮನೆ ಅದು. ಹಸಿಯಿಟ್ಟಿಗೆಯ ಸಣ್ಣ ಮನೆ, ಕೆಲವೇ ಕೋಣೆಗಳು, ಒಂದು ಅಂಗಳ. ಅರಮನೆಯಲ್ಲ, ಗುಡಿಯಲ್ಲ; ನಮ್ಮ ಐಗಳ ಮನೆಯಂತೆಯೇ ಮೇಷ್ಟರು ಸಂಸಾರ ಹೂಡಿದ್ದ ಮನೆಯೇ ಶಾಲೆ. ಅಲ್ಲಿ ಸಿಕ್ಕ ಹಲಗೆ ಚೂರುಗಳು ಸುಮಾರು ಸಾವಿರದ ನಾನೂರು. ಬರೆದು ಮುಗಿದ ಹಲಗೆಗಳನ್ನು ಮತ್ತೆ ನೆನೆಹಾಕಿ ಹೊಸ ಹಲಗೆ ಮಾಡಿಕೊಳ್ಳಲು ಮಣ್ಣಿನ ತೊಟ್ಟಿಯೂ ಅಂಗಳದಲ್ಲಿತ್ತು.

ಅಲ್ಲಿಯ ಪಾಠಕ್ರಮವೂ ಹಲಗೆಗಳಿಂದ ತಿಳಿದುಬಂದಿದೆ. ಮೊದಲು ಬಿಡಿ ಗುರುತುಗಳು. ಆಮೇಲೆ ಜನರ ಹೆಸರುಗಳು. ಅನಂತರ ಪದಗಳ ಉದ್ದುದ್ದ ಪಟ್ಟಿಗಳು: ಮರಗಳು ಮತ್ತು ಮರದ ಸಾಮಾನುಗಳು, ಜೊಂಡು, ಮಡಕೆ, ಚರ್ಮ, ಲೋಹ, ಪ್ರಾಣಿ, ಕಲ್ಲು, ಮೀನು, ಹಕ್ಕಿ, ಬಟ್ಟೆ, ಊರುಗಳು. ವರ್ಗ ವರ್ಗವಾಗಿ ಜೋಡಿಸಿದ ಈ ಪಟ್ಟಿಗಳನ್ನು ನೋಡಿದರೆ ನಿಘಂಟನ್ನು ಬಾಯಿಪಾಠ ಮಾಡಿದ ಯಾರಿಗಾದರೂ ತಮ್ಮ ಬಾಲ್ಯ ನೆನಪಾಗದಿರದು. ಪಟ್ಟಿಗಳಾದ ಮೇಲೆ ಮಗ್ಗಿ ಮತ್ತು ಅಳತೆ, ಬಳಿಕ ಕ್ರಯಪತ್ರ ಸಾಲಪತ್ರಗಳ ಮಾದರಿ ಮತ್ತು ಗಾದೆಗಳು, ಕೊನೆಗೆ ಕಾವ್ಯ. ಹಾಜರಾತಿಯ ಲೆಕ್ಕವನ್ನೂ ಒಬ್ಬ ವಿದ್ಯಾರ್ಥಿಯ ಬಾಯಿಂದ ಹೇಳಿಸಿದೆ ಒಂದು ಬರೆಹ: ತಿಂಗಳಿಗೆ ಮೂರು ದಿನ ರಜ, ಮೂರು ದಿನ ಹಬ್ಬ, ಉಳಿದ ಇಪ್ಪತ್ತನಾಲ್ಕು ದಿನ ಪಾಠ. ನಿಪ್ಪೂರಿನ ಒಂದು ಹಲಗೆಯ ಮೇಲೆ ಹಲ್ಲಿನ ಗುರುತುಗಳಿವೆ. ಪಾಠ ತಲೆಗೆ ಹತ್ತದ ಸಿಟ್ಟಿನಲ್ಲಿ ಯಾವನೋ ಹುಡುಗ ಅದನ್ನು ಕಚ್ಚಿರಬೇಕು!

ಈ ಶಾಲೆಗಳಲ್ಲಿಯೇ ನಕಲು ಮಾಡಿಸುತ್ತಿದ್ದ ಒಂದು ಕಥೆಯನ್ನು ಸ್ಯಾಮ್ಯುಯೆಲ್ ನೋವಾ ಕ್ರೇಮರ್ ಎಂಬ ವಿದ್ವಾಂಸರು ೧೯೪೯ರಲ್ಲಿ ಪ್ರಕಟಿಸಿದರು. ಅದರ ಇಪ್ಪತ್ತಕ್ಕೂ ಹೆಚ್ಚು ಪ್ರತಿಗಳು ಸಿಕ್ಕಿರುವುದರಿಂದ ಅದು ಆ ಕಾಲದಲ್ಲಿ ಬಹಳ ಮೆಚ್ಚಿಕೆಯ ಪಾಠವಾಗಿತ್ತೆಂದು ಊಹಿಸಬಹುದು. ಕಥೆ ಇಷ್ಟು: ಹುಡುಗನೊಬ್ಬ ಬೆಳಗ್ಗೆ ಎದ್ದು, ತಾಯಿ ಕೊಟ್ಟ ಬುತ್ತಿಯನ್ನು ತೆಗೆದುಕೊಂಡು ಶಾಲೆಗೆ ಓಡುತ್ತಾನೆ. ತಡವಾಗಿ ಬಂದದ್ದಕ್ಕೆ ಒಂದು ಏಟು. ಕೇಳದೆ ಮಾತಾಡಿದ್ದಕ್ಕೆ ಒಂದು. ಎದ್ದು ನಿಂತದ್ದಕ್ಕೆ ಒಂದು. ಅಕ್ಷರ ಚೆನ್ನಾಗಿಲ್ಲದ್ದಕ್ಕೆ ಒಂದು. ಕಂಗೆಟ್ಟ ಹುಡುಗ ಮನೆಗೆ ಬಂದು, ಮೇಷ್ಟರನ್ನು ಒಮ್ಮೆ ಊಟಕ್ಕೆ ಕರೆಯಬಾರದೇ ಎಂದು ತಂದೆಯನ್ನು ಕೇಳುತ್ತಾನೆ. ತಂದೆ ಕರೆಯುತ್ತಾನೆ. ಗುರುವಿಗೆ ಹಿರಿಯ ಆಸನ, ಸುಗ್ರಾಸ ಭೋಜನ, ಹೊಸ ಉಡುಪು, ಬೆರಳಿಗೆ ಉಂಗುರ. ಗುರು ಪ್ರಸನ್ನನಾಗಿ, ಈ ಹುಡುಗ ಮುಂದೆ ಬಂದೇ ಬರುತ್ತಾನೆಂದು ಹರಸುತ್ತಾನೆ. ಕಥೆಯನ್ನು ಬರೆದವನು ಮೇಷ್ಟರೇ ಆಗಿರಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ!

ಆ ಏಟುಗಳಲ್ಲಿ ಒಂದನ್ನು ನಾನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೇನೆ. ಹುಡುಗ ಸುಮೇರಿಯನ್ ಮಾತಾಡಲಿಲ್ಲವೆಂದೂ ಅವನಿಗೆ ಏಟು ಬೀಳುತ್ತದೆ. ಏಕೆಂದರೆ ಆ ಹೊತ್ತಿಗೆ ಅವನ ಮನೆಯ ಮಾತು ಅಕ್ಕಾಡಿಯನ್ ಆಗಿತ್ತು. ಸುಮೇರಿಯನ್ ಬೀದಿಯಿಂದ ಮರೆಯಾಗಿ ಶಾಲೆಯಲ್ಲಿ ಮಾತ್ರ ಉಳಿದಿತ್ತು. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಮಾತು. ಈ ಸಂಕಟ ನಮ್ಮ ಮಕ್ಕಳಿಗೂ ಹೊಸದಲ್ಲ. ಆದರೆ ಆ ಹುಡುಗರ ಸಂಕಟದಿಂದ ಜಗತ್ತಿಗೆ ಒಂದು ಲಾಭವಾಯಿತು. ಸುಮೇರಿಯನ್ ಭಾಷೆಗೆ ನಂಟರಾದ ಬೇರೆ ಯಾವ ಭಾಷೆಯೂ ಇದುವರೆಗೆ ಸಿಕ್ಕಿಲ್ಲ. ಅದನ್ನು ಇಂದು ನಾವು ಓದಬಲ್ಲೆವಾದರೆ, ಆ ಮಕ್ಕಳು ಬರೆದಿಟ್ಟ ಸುಮೇರಿಯನ್ ಮತ್ತು ಅಕ್ಕಾಡಿಯನ್ ಪದಗಳ ಜೋಡಿಪಟ್ಟಿಗಳು ಅದಕ್ಕೆ ಒಂದು ಮುಖ್ಯ ಕಾರಣ.

ಹೀಗೆ ಕಲಿತವರು ಮುಂದೆ ಏನೇನು ಬರೆದರು? ಊರ್ ಪಟ್ಟಣದ ಒಂದು ಕಾಗದ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಸುಮಾರು ಕ್ರಿ. ಪೂ. ೧೭೫೦ರದು. ನನ್ನಿ ಎಂಬುವನು ಏಆ ನಾಸಿರ್ ಎಂಬ ತಾಮ್ರದ ವ್ಯಾಪಾರಿಗೆ ಬರೆದದ್ದು. ಒಳ್ಳೆಯ ತಾಮ್ರ ಕೊಡುತ್ತೇನೆಂದು ಹೇಳಿ ಕಳಪೆ ಮಾಲು ತೋರಿಸಿದೆ, ಶತ್ರುಗಳ ಸೀಮೆಯನ್ನು ದಾಟಿ ಬಂದ ನನ್ನ ಆಳುಗಳನ್ನು ಅವಮಾನಪಡಿಸಿ ಬರಿಗೈಯಲ್ಲಿ ಕಳುಹಿಸಿದೆ, ಇನ್ನು ಮೇಲೆ ನಾನೇ ಆರಿಸಿ ತೆಗೆದುಕೊಳ್ಳುತ್ತೇನೆ ಎಂಬುದು ಅದರ ಸಾರಾಂಶ. ಪೇಟೆಯಲ್ಲಿ ಪೆಟ್ಟು ತಿಂದ ಗಿರಾಕಿಯ ದನಿ ನಾಲ್ಕು ಸಾವಿರ ವರ್ಷಗಳಲ್ಲಿ ಹೆಚ್ಚೇನೂ ಬದಲಾಗಿಲ್ಲ.

ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿರುವ ಇನ್ನೊಂದು ಹಲಗೆ ಅಂಗೈಯಗಲದ ದುಂಡು ಹಲಗೆ. ಶಾಲೆಯ ಅಭ್ಯಾಸದ್ದೇ ಎಂದು ಕಾಣುತ್ತದೆ. ಅದರಲ್ಲಿ ಒಂದು ಚೌಕ, ಎರಡು ಕರ್ಣರೇಖೆಗಳು, ಕೆಲವು ಅಂಕಿಗಳು. ಚೌಕದ ಬಾಹುವಿಗೂ ಕರ್ಣಕ್ಕೂ ಇರುವ ಪ್ರಮಾಣ, ಎಂದರೆ ಎರಡರ ವರ್ಗಮೂಲ, ಅಲ್ಲಿ ದಶಾಂಶದ ಐದು ಸ್ಥಾನಗಳವರೆಗೆ ಸರಿಯಾಗಿ ಬರೆದಿದೆ. ಪೈಥಾಗೊರಸನಿಗಿಂತ ಸಾವಿರ ವರ್ಷಕ್ಕೂ ಹಿಂದಿನ ಮಾತಿದು.

ಕವಿತೆಯೂ ಹಿಂದುಳಿಯಲಿಲ್ಲ. ಅಕ್ಕಾಡಿನ ಚಕ್ರವರ್ತಿ ಸಾರ್ಗನನ ಮಗಳು ಎನ್‌ಹೆದುವನ್ನ, ಕ್ರಿ. ಪೂ. ೨೩೦೦ರ ಸುಮಾರಿನಲ್ಲಿ ಊರ್ ಪಟ್ಟಣದ ಚಂದ್ರದೇವನ ಗುಡಿಯಲ್ಲಿ ಮುಖ್ಯ ಅರ್ಚಕಿಯಾಗಿದ್ದವಳು. ಅವಳ ಚಿತ್ರವೂ ಹೆಸರೂ ಇರುವ ಕಲ್ಲಿನ ಬಿಲ್ಲೆಯನ್ನು ಲಿಯೊನಾರ್ಡ್ ವುಲ್ಲಿಯವರ ತಂಡ ೧೯೨೭ರಲ್ಲಿ ಅಗೆದು ತೆಗೆಯಿತು. ಅವಳ ಹೆಸರಿನಲ್ಲಿ ನಡೆದುಬಂದಿರುವ ಸ್ತೋತ್ರಗಳು ಅವಳವೇ ಎಂಬ ಪರಂಪರೆಯನ್ನು ಒಪ್ಪುವುದಾದರೆ, ಜಗತ್ತಿನಲ್ಲಿ ಹೆಸರು ತಿಳಿದಿರುವ ಮೊತ್ತಮೊದಲ ಕವಿ ಒಬ್ಬ ಹೆಂಗಸು.

ಅವಳ ತಂದೆ ಸಾರ್ಗನನ ಒಂದು ಹೆಮ್ಮೆಯ ಮಾತು ನಮಗೆ ವಿಶೇಷವಾದದ್ದು. ಮೆಲುಹ್ಹ, ಮಗನ್, ದಿಲ್ಮುನ್ ದೇಶಗಳ ಹಡಗುಗಳು ತನ್ನ ರಾಜಧಾನಿಯ ಕಟ್ಟೆಗೆ ಬಂದು ನಿಲ್ಲುತ್ತವೆ ಎಂದು ಅವನು ಹೇಳಿಕೊಂಡಿದ್ದಾನೆ. ಮೆಲುಹ್ಹವೆಂದರೆ ಸಿಂಧೂ ಕಣಿವೆಯ ನಾಡು ಎಂಬುದು ಬಹುಮಂದಿ ವಿದ್ವಾಂಸರ ಮತ. ಸಿಂಧೂ ಮಾದರಿಯ ಮುದ್ರೆಗಳು ಊರ್ ಮತ್ತು ಕಿಶ್ ಪಟ್ಟಣಗಳಲ್ಲಿ ದೊರೆತಿವೆ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಶು ಇಲಿಶು ಎಂಬುವನ ಮುದ್ರೆಯೊಂದಿದೆ. ಅವನು ಮೆಲುಹ್ಹದ ಭಾಷೆಯ ದುಭಾಷಿ ಎಂದು ಅದರಲ್ಲಿ ಕೊರೆದಿದೆ. ಸಿಂಧೂ ಲಿಪಿಯನ್ನು ಸರ್ವಸಮ್ಮತವಾಗಿ ಓದಿದವರು ಇಂದಿಗೂ ಇಲ್ಲ. ಆ ಭಾಷೆಯನ್ನು ಬಲ್ಲವನೊಬ್ಬ ಇದ್ದ, ಅವನ ಹೆಸರೂ ನಮಗೆ ಗೊತ್ತು. ಆದರೆ ಅವನು ಬಲ್ಲದ್ದು ಮಾತ್ರ ನಮಗೆ ಬರಲಿಲ್ಲ!

ಬಂದದ್ದೂ ಕಡಮೆಯೇನಲ್ಲ. ಈ ಪೆಟ್ಟಿಗೆಯಲ್ಲಿ ವಾರ್ತೆಗೆ ಮುನ್ನ ಕೇಳುವ ಕಾಲಸೂಚಿಯನ್ನು ನೀವು ಬಲ್ಲಿರಿ. ಗಂಟೆಗೆ ಅರುವತ್ತು ನಿಮಿಷ, ನಿಮಿಷಕ್ಕೆ ಅರುವತ್ತು ಸೆಕೆಂಡು ಏಕೆ, ನೂರು ಏಕಲ್ಲ? ಸುಮೇರಿನ ಮಗ್ಗಿ ಅರುವತ್ತರ ಮೇಲೆ ನಿಂತಿತ್ತು. ಬ್ಯಾಬಿಲೋನಿನ ಜ್ಯೋತಿಷಿಗಳಿಂದ ಅದನ್ನು ಗ್ರೀಕರು ಪಡೆದರು. ಅವರಿಂದ ಜಗತ್ತೆಲ್ಲ ಪಡೆಯಿತು. ನಿಮ್ಮ ಮನೆಯ ಪಂಚಾಂಗವನ್ನೇ ತೆರೆಯಿರಿ. ಮೇಷ ವೃಷಭಾದಿ ಹನ್ನೆರಡು ರಾಶಿಗಳ ಚಕ್ರ ಬ್ಯಾಬಿಲೋನಿನಲ್ಲಿ ರೂಪುಗೊಂಡು ಗ್ರೀಕರ ಮೂಲಕ ನಮ್ಮಲ್ಲಿಗೆ ಬಂದದ್ದು. ವರಾಹಮಿಹಿರಾಚಾರ್ಯರು ರಾಶಿಗಳಿಗೆ ಗ್ರೀಕ್ ಹೆಸರುಗಳನ್ನೂ ಹೇಳಿದ್ದಾರೆ. ಹೋರಾ, ಕೇಂದ್ರ ಎಂಬ ಶಬ್ದಗಳೂ ಅಲ್ಲಿಂದಲೇ ಬಂದುವು. ವಿದ್ಯೆಗೆ ಎಲ್ಲೆಕಟ್ಟು ಇಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇನ್ನು ಈ ಹಲಗೆಗಳು ಉಳಿದ ಬಗೆ. ಕ್ರಿ. ಪೂ. ಏಳನೆಯ ಶತಮಾನದಲ್ಲಿ ಅಸ್ಸೀರಿಯದ ದೊರೆ ಅಶ್ಶೂರ್‌ಬಾನಿಪಾಲನು ನಿನೆವೆ ಪಟ್ಟಣದಲ್ಲಿ ದೊಡ್ಡ ಗ್ರಂಥಭಂಡಾರವನ್ನು ಕೂಡಿಹಾಕಿದನು. ಗಿಲ್ಗಮೇಶನ ಮಹಾಕಾವ್ಯವೂ ಅದರಲ್ಲಿತ್ತು. ಕ್ರಿ. ಪೂ. ೬೧೨ರಲ್ಲಿ ಶತ್ರುಗಳು ನಿನೆವೆಗೆ ಬೆಂಕಿಯಿಟ್ಟರು. ತಾಳೆಗರಿಯಾಗಿದ್ದರೆ, ಕಾಗದವಾಗಿದ್ದರೆ ಅಂದೇ ಬೂದಿಯಾಗುತ್ತಿತ್ತು. ಬೆಂಕಿ ಅನೇಕ ಹಲಗೆಗಳನ್ನು ಇಟ್ಟಿಗೆಯಂತೆ ಸುಟ್ಟು ಗಟ್ಟಿಮಾಡಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಲೇಯಾರ್ಡ್ ಮತ್ತು ಹೋರ್ಮುಜ್ದ್ ರಸ್ಸಾಮ್ ಅವುಗಳನ್ನು ಹೊರತೆಗೆದರು. ಸುಮಾರು ಮೂವತ್ತು ಸಾವಿರ ಹಲಗೆಗಳೂ ಚೂರುಗಳೂ ಇವೆ.

ಆದರೆ ಅಷ್ಟು ಹೊತ್ತಿಗೆ ಅವನ್ನು ಓದುವವರು ಅಳಿದು ಸಾವಿರದ ಏಳುನೂರು ವರ್ಷಗಳ ಮೇಲಾಗಿತ್ತು. ಬೆಣೆಲಿಪಿಯ ಬೀಗವನ್ನು ಮೊದಲು ಸಡಿಲಿಸಿದವನು ಜರ್ಮನಿಯ ಗ್ಯೋಟಿಂಗೆನ್ ಊರಿನ ಗ್ರೋಟೆಫೆಂಡ್ ಎಂಬುವನು. ಅವನು ಹೈಸ್ಕೂಲಿನ ಮೇಷ್ಟರೆಂದು ಹೇಳಲು ನನಗೆ ಸ್ವಲ್ಪ ಹೆಮ್ಮೆ. ೧೮೦೨ರಲ್ಲಿ, ಇಪ್ಪತ್ತೇಳು ವರ್ಷದವನಾಗಿದ್ದಾಗ, ಪರ್ಸೆಪೊಲಿಸ್ಸಿನ ಶಾಸನಗಳಲ್ಲಿ ಪದೇ ಪದೇ ಬರುವ ಗುರುತುಗಳು 'ರಾಜ', 'ರಾಜಾಧಿರಾಜ', 'ಇಂತಹವನ ಮಗ' ಎಂದಿರಬೇಕೆಂದು ತರ್ಕಿಸಿ, ದಾರಯವಸ್ ಮತ್ತು ಕ್ಷರ್ಕ್ಸ ದೊರೆಗಳ ಹೆಸರುಗಳನ್ನು ಗುರುತಿಸಿದನು. ಅಲ್ಲಿಯ ವಿದ್ವತ್ಸಭೆ ಅವನ ಲೇಖನವನ್ನು ಅಚ್ಚು ಹಾಕಿಸಲಿಲ್ಲ. ೧೮೦೫ರಲ್ಲಿ ಸ್ನೇಹಿತನ ಗ್ರಂಥವೊಂದರ ಅನುಬಂಧವಾಗಿ ಅದು ಬೆಳಕು ಕಂಡಿತು. ಅವನು ತೆರೆದದ್ದು ಹಳೆಯ ಪಾರಸೀಕದ ಬಾಗಿಲು. ಬಳಿಕ ರಾಲಿನ್‌ಸನ್ ಬೆಹಿಸ್ತೂನಿನ ಬಂಡೆಯ ತ್ರಿಭಾಷಾ ಶಾಸನವನ್ನು ನಕಲು ಮಾಡಿದನು. ಐರ್ಲೆಂಡಿನ ಹಿಂಕ್ಸ್ ಮೊದಲಾದವರು ಬ್ಯಾಬಿಲೋನಿನ ಲಿಪಿಯನ್ನು ಬಿಡಿಸಿದರು. ೧೮೫೭ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿ ನಾಲ್ವರು ವಿದ್ವಾಂಸರಿಗೆ ಒಂದೇ ಶಾಸನವನ್ನು ಬೇರೆ ಬೇರೆಯಾಗಿ ಅನುವಾದಿಸಲು ಕೊಟ್ಟಿತು. ಮುಚ್ಚಿದ ಲಕೋಟೆಗಳನ್ನು ಒಡೆದಾಗ ನಾಲ್ಕೂ ಮುಖ್ಯಾಂಶಗಳಲ್ಲಿ ಒಂದಕ್ಕೊಂದು ಹೊಂದಿದುವು. ಸತ್ತ ಲಿಪಿ ಮತ್ತೆ ಬಾಯಿಬಿಟ್ಟಿತು.

ಬೆಂಕಿಗೆ ಬಗ್ಗದ ಮಣ್ಣು ಮನುಷ್ಯನ ಅನಾದರಕ್ಕೆ ಬಗ್ಗುತ್ತದೆ. ೨೦೦೩ರ ಏಪ್ರಿಲ್ ತಿಂಗಳಲ್ಲಿ ಯುದ್ಧದ ಗೊಂದಲದ ನಡುವೆ ಬಾಗ್ದಾದಿನ ವಸ್ತುಸಂಗ್ರಹಾಲಯ ಲೂಟಿಯಾಗಿ ಸುಮಾರು ಹದಿನೈದು ಸಾವಿರ ವಸ್ತುಗಳು ಹೋದುವು. ಕೆಲವು ಮರಳಿ ಬಂದುವು; ಊರುಕಿನ ಪ್ರಸಿದ್ಧ ಕಲ್ಲಿನ ಕಲಶ ಚೂರಾಗಿ ಬಂತು. ಕಳ್ಳಸಂತೆಯಲ್ಲಿ ಅಮೆರಿಕವನ್ನು ಸೇರಿದ್ದ ಹದಿನೇಳು ಸಾವಿರದಷ್ಟು ವಸ್ತುಗಳು ೨೦೨೧ರಲ್ಲಿ ಇರಾಕಿಗೆ ಹಿಂದಿರುಗಿದುವು. ಎಷ್ಟೋ ಬಾರಲಿಲ್ಲ.

ದೂರದ ದೇಶದ ಈ ಮಾತು ನಮಗೇಕೆ ಎನ್ನುವಿರಾ? ನಮ್ಮ ತಾತನವರ ಮನೆಯ ಅಟ್ಟದ ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿದ ಓಲೆಗರಿಯ ಕಟ್ಟೊಂದಿತ್ತು. ಅದರಲ್ಲಿ ವೈದ್ಯವಿದೆಯೆಂದು ಅಜ್ಜಿ ಹೇಳುತ್ತಿದ್ದರು. ಪಂಡಿತ ಪರೀಕ್ಷೆಗೆ ಓದಿ, ಹಳೆಯ ಅಕ್ಷರಗಳನ್ನು ಬಿಡಿಸಲು ಬಲ್ಲವನಾಗಿದ್ದ ನಾನು, ಬೇಸಗೆಯ ರಜದಲ್ಲಿ ನೋಡೋಣವೆಂದು ವರ್ಷದಿಂದ ವರ್ಷಕ್ಕೆ ಮುಂದೂಡಿದೆ. ಕೊನೆಗೊಂದು ದಿನ ಬಿಚ್ಚಿದಾಗ ಮೇಲಿನ ಎರಡು ಗರಿಗಳ ಕೆಳಗೆ ಗೆದ್ದಲಿನ ಮಣ್ಣು ಮಾತ್ರ ಇತ್ತು. ಶತ್ರು ಬರಲಿಲ್ಲ, ಬೆಂಕಿ ಬೀಳಲಿಲ್ಲ. ಓದಬಲ್ಲವನು ಓದಲಿಲ್ಲ, ಅಷ್ಟೆ. ಆ ಎರಡು ಗರಿಗಳು ಈಗಲೂ ನನ್ನ ಮೇಜಿನ ಮೇಲಿವೆ. ಅವುಗಳಲ್ಲಿರುವುದು ಪ್ರಾರ್ಥನೆಯ ಪದ್ಯಗಳು, ವೈದ್ಯವಲ್ಲ.

ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ತಮ್ಮಲ್ಲಿದ್ದ ಓಲೆಯ ಕಟ್ಟೊಂದನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂದೊಪ್ಪಿಸಿದರು. ಆರ್. ಶಾಮಶಾಸ್ತ್ರಿಗಳು ಅದನ್ನು ಬಿಡಿಸಿ ನೋಡಿದರೆ ಅದು ಕೌಟಿಲ್ಯನ ಅರ್ಥಶಾಸ್ತ್ರ. ೧೯೦೯ರಲ್ಲಿ ಅದು ಅಚ್ಚಾಗಿ ಜಗತ್ತಿನ ಕೈಗೆ ಬಂತು. ಆ ಪಂಡಿತರೂ ಬೇಸಗೆಯ ರಜವನ್ನು ಕಾದಿದ್ದರೆ ಏನಾಗುತ್ತಿತ್ತೋ!

ಜಗತ್ತಿನ ಸಂಗ್ರಹಾಲಯಗಳಲ್ಲಿ ಬೆಣೆಲಿಪಿಯ ಹಲಗೆಗಳು ಸುಮಾರು ಐದು ಲಕ್ಷ ಇವೆಯೆಂದು ಅಂದಾಜು. ಅವುಗಳಲ್ಲಿ ಬಹಳಷ್ಟನ್ನು ಇನ್ನೂ ಯಾರೂ ಓದಿಲ್ಲ. ಅವು ಕಾಯಬಲ್ಲವು, ಮಣ್ಣಿನವು. ನಮ್ಮ ಅಟ್ಟಗಳ ಮೇಲಿರುವ ಗರಿಗಳೂ ಕಡತಗಳೂ ಅಷ್ಟು ಕಾಲ ಕಾಯಲಾರವು. ನಿಮ್ಮ ಮನೆಯಲ್ಲಿ ಅಂತಹ ಕಟ್ಟೊಂದು ಇದ್ದರೆ, ಬರುವ ಭಾನುವಾರ ಏಣಿ ಹಾಕಿ ಕೆಳಗಿಳಿಸಿರಿ. ಓದಲು ಬಾರದಿದ್ದರೆ ಓದಬಲ್ಲವರಿಗೆ ತೋರಿಸಿರಿ. ಇಳಿಸುವಾಗ ಮನೆಯ ಮಕ್ಕಳನ್ನೂ ಹತ್ತಿರ ನಿಲ್ಲಿಸಿಕೊಳ್ಳಿರಿ.